ಕೆಂಚನ ಹಾಡು

ಕಮಲಾಪುರದ ಕೆಂಪು ಬಾಳೆಯ ರುಚಿ ಎಲ್ಲರಿಗೂ ಗೊತ್ತು. ಅದಕ್ಕೆ ನೀರುಣಿಸಿದವರ ಹೆಸರು ಯಾರಿಗೂ ಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ಕಲ್ಯಾಣಪ್ಪನವರ ತೋಟಕ್ಕೆ ನೀರುಣಿಸುತ್ತಿದ್ದವನು ಮಾಪಣ್ಣ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ತನ್ನವು ಎಂದುಕೊಂಡಿದ್ದ ಎರಡು ಎತ್ತುಗಳೂ ಧಣಿಯವೇ.

ಕಪಿಲೆ ಬಾವಿಯ ಇಳಿಜಾರಿನಲ್ಲಿ ಎತ್ತುಗಳು ಕೆಳಗಿಳಿದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಇಳಿಯುವುದಕ್ಕೆ ಹಾಡು ಬೇಕು. ಒಂದೊಂದು ನುಡಿಯ ಕೊನೆಗೂ ಮಾಪಣ್ಣ ಮೈಲಾರಲಿಂಗನ ಹೆಸರು ಕೂಗುತ್ತಿದ್ದ, ಕೆಂಚನೆಂಬ ಎತ್ತು ಆಗ ಹೆಜ್ಜೆ ಕೀಳುತ್ತಿತ್ತು, ಜೊತೆಯದು ಅದರೊಂದಿಗೆ. ಬಾರುಕೋಲನ್ನು ಅವನು ಮುಟ್ಟಿದವನೇ ಅಲ್ಲ. ಕರುವಿದ್ದಾಗಿನಿಂದ ಸಾಕಿದ ಕೆಂಚ ತಾನಿಲ್ಲದಿದ್ದರೆ ಹುಲ್ಲೂ ಮುಟ್ಟದು ಎಂದು ಅವನಿಗೆ ಹೆಮ್ಮೆ.

ಬಾಳೆಗೊನೆ ಹೇರಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೋದಾಗಲೆಲ್ಲ ಮಿಶನ್ ಕಂಪೌಂಡಿನ ಬೇವಿನ ಕೆಳಗೆ ಕೂತು ಪಾದ್ರಿಯ ಮಾತು ಕೇಳುತ್ತಿದ್ದ. ಒಂದು ಸಲ ದೀಕ್ಷಾಸ್ನಾನ ಮಾಡಿಸಿಕೊಂಡೇ ಬಂದ. ಸೇಂದಿ ಬಿಟ್ಟ, ತಂಬಾಕು ಬಿಟ್ಟ, ಕೊರಳ ತಾಯಿತ ಕಿತ್ತ. ಹಾಡು ಬಿಡು ಎಂದು ಪಾದ್ರಿ ಹೇಳಿರಲಿಲ್ಲ. ಇವನೇ ಬಿಟ್ಟ. ಕೊಡಲು ನಿಂತ ಬಡವನ ಕೈಗೆ ಹಿಡಿತವಿಲ್ಲ.

ಮರುದಿನ ಕೆಂಚ ನಿಂತಲ್ಲೇ ನಿಂತಿತು. ಕಲ್ಯಾಣಪ್ಪ ಬಂದು ನೋಡಿದರು.

"ಬಾಳಿ ಒಣಗಾಕತ್ತಾವೋ ಮಾಪಣ್ಣ. ಹಾಡು, ಇಲ್ಲಾ ಬಾರುಕೋಲು ಹಿಡಿ."

"ಬಾಯಿ ಯೇಸುಸ್ವಾಮಿಗಿ ಕೊಟ್ಟೀನ್ರಿ ಧಣಿ. ಕೆಂಚಗ ಹೊಡಿಯಾಕ ಕೈ ಬರಂಗಿಲ್ಲ."

"ಹಂಗಾರ ನಿನ್ನ ದಾರಿ ನೀ ನೋಡ್ಕೋ."

ಅವನು ದಾರಿ ನೋಡಿಕೊಂಡ. ಕಲಬುರಗಿಯ ಮಿಶನ್ ಕಂಪೌಂಡಿನ ಆಸ್ಪತ್ರೆಯಲ್ಲಿ ರೋಗಿಗಳ ಕೋಣೆಗಳಿಗೆ ನೀರು ಹೊರುವ ಕೆಲಸ ಸಿಕ್ಕಿತು. ಎತ್ತು ಎಳೆಯುತ್ತಿದ್ದುದನ್ನು ಈಗ ಇವನ ಹೆಗಲು ಹೊತ್ತಿತು. ಬಿಟ್ಟದ್ದು ಯಾವುದೂ ನೆನಪಾಗಲಿಲ್ಲ, ಕೆಂಚನೊಂದನ್ನು ಬಿಟ್ಟು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಅದೇ ಮುಖ. ದೇವರ ಮುಂದೆ ಎತ್ತು ಬಂದು ನಿಂತರೆ ಏನು ಮಾಡುವುದು?

ಬೇಸಿಗೆಯಲ್ಲಿ ತಡೆಯಲಾರದೆ ಕಮಲಾಪುರಕ್ಕೆ ಬಂದ. ಹೊಸ ಆಳು ದೇವಿಂದ್ರಪ್ಪ ಬಾರುಕೋಲಿನಿಂದ ಬಾರಿಸುತ್ತಿದ್ದ, ಕೆಂಚನ ಬೆನ್ನೆಲ್ಲ ಬಾಸುಂಡೆ. ಮಾಪಣ್ಣ ಇಳಿಜಾರಿಗೆ ಓಡಿದ. ಕೋಲು ಕಸಿದುಕೊಂಡ, ಹಾಡತೊಡಗಿದ. ಹೆಸರು ಬರುವ ಜಾಗದಲ್ಲಿ ಬಾಯಿ ಮುಚ್ಚಿದ. ಕೆಂಚ ಕಿವಿ ನಿಮಿರಿಸಿ ಕಾಯಿತು. "ಹೋ" ಎಂದ ಅಷ್ಟೇ. ನಡೆಯಿತು.

ಕಲ್ಯಾಣಪ್ಪ ನಕ್ಕುಬಿಟ್ಟರು. "ಹೆಸರಿಲ್ಲದ ಹಾಡೇ ಸಾಕಾತಲ್ಲೋ! ನಿನ್ನ ದೇವರು ನಿನಗ, ನನ್ನ ನೀರು ನನಗ. ಇವತ್ತೇ ಬಂದುಬಿಡು."

ಈಗ ಅಡ್ಡಿ ಎಂಬುದೇ ಇರಲಿಲ್ಲ. ಬರುತ್ತೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಕೈಕಾಲು ಆಡದ ರೋಗಿಗಳು, ಅವರ ಬಾಗಿಲ ಕೊಡಗಳು ನೆನಪಾದವು.

"ಅಲ್ಲಿ ಕೊಡ ಖಾಲಿ ಅದಾವ್ರಿ" ಎಂದ. ದೇವಿಂದ್ರಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಡು ಕಲಿಸಿದ. ಮಧ್ಯಾಹ್ನದವರೆಗೂ ಕೆಂಚ ಆ ದನಿಗೆ ಕದಲಲಿಲ್ಲ. ಮಾಪಣ್ಣನಿಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳೇಕೆ.

ಹೊತ್ತು ಇಳಿಯುವಾಗ ದೇವಿಂದ್ರಪ್ಪ ಒಬ್ಬನೇ ಹಾಡಿ "ಹೋ" ಎಂದ. ಕೆಂಚ ಹೆಜ್ಜೆ ಕಿತ್ತಿತು. ಇಳಿಜಾರಿನ ತುದಿಯವರೆಗೂ ಹೋಯಿತು, ಹಿಂದಿರುಗಿ ಮಾಪಣ್ಣನತ್ತ ನೋಡಲೂ ಇಲ್ಲ. ಮೇಲೆ ಬಂದು ದೇವಿಂದ್ರಪ್ಪನ ಕೈಯಿಂದಲೇ ಹುಲ್ಲು ತಿಂದಿತು.

ಮಾಪಣ್ಣ ಅತ್ತ. ಆಮೇಲೆ ಕಣ್ಣೊರೆಸಿಕೊಂಡು "ಕರ್ತನೇ, ಇದೊಂದು ಕೊಟ್ಟಿರಲಿಲ್ಲ ನಿನಗ. ತಗೋ" ಎಂದು ಕಲಬುರಗಿ ದಾರಿ ಹಿಡಿದ.