ಟಿವಿ ಗಾಜಿನ ಮೇಲೆ ವಿಭೂತಿ

ನೆಲ ಒರೆಸುತ್ತಿದ್ದಂತೆ ಒದ್ದೆ ಶಹಾಬಾದಿ ಕಲ್ಲಿನ ವಾಸನೆ ಎದ್ದಿತು. ಮತ್ತೆ ಬಾಲ್ಯದ ಅದೇ ಬೇಸಿಗೆಯ ಮಧ್ಯಾಹ್ನ. ತಣ್ಣನೆಯ ಹಾಸುಗಲ್ಲಿನ ಮೇಲೆ ಬೋರಲಾಗಿ ಮಲಗಿ ಜಪಾನಿನ ಕಾರ್ಟೂನು ನೋಡುತ್ತಿರುವ ನಾನು.

ಅದರಲ್ಲೊಬ್ಬಳು ಪುಟ್ಟ ಹುಡುಗಿ ದಿನಾ ಶಾಲೆಯನ್ನು ತಲೆಕೆಳಗು ಮಾಡುತ್ತಿದ್ದಳು. ನಮ್ಮ ಆಯಿ, ಅಪ್ಪನ ತಾಯಿ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ನೋಡುತ್ತಿದ್ದಳು. ಒಂದು ದಿನ ಆ ಹುಡುಗಿ ಹೆಡ್ಮಾಸ್ತರರನ್ನು ಕುರ್ಚಿಸಮೇತ ಆನೆಯಿಂದ ಎಳೆಸಿದಳು. ನಾನು ಬಿದ್ದು ಬಿದ್ದು ನಕ್ಕೆ. ಆಯಿ ನಗಲಿಲ್ಲ. ಎದ್ದು ಬಂದು, ಹುಡುಗಿಯ ಹಣೆ ಕಂಡಲ್ಲಿ ಗಾಜಿನ ಮೇಲೆ ವಿಭೂತಿ ಎಳೆದು ಕೈಮುಗಿದಳು.

"ಭಾಳ ಸಣ್ಣಾಕಿ ಅದಾಳರಿ ಮಾಸ್ತರ. ಸಾಲಿ ಬಿಡಸಬ್ಯಾಡ್ರಿ."

ಎರಡನೇ ಇಯತ್ತೆಯಲ್ಲೇ ತನ್ನ ಶಾಲೆ ಬಿಡಿಸಿದ್ದನ್ನು ಆಯಿ ಯಾವಾಗಲೂ ನಗುತ್ತಲೇ ಹೇಳುತ್ತಿದ್ದಳು.

ಆ ವಿಭೂತಿಯನ್ನು ಯಾರೂ ಒರೆಸಲಿಲ್ಲ. ಸಂಜೆ ವಾರ್ತೆ ಓದುವವರ ಗಲ್ಲದ ಮೇಲೂ ಅದೇ ಮೂರು ಬೆರಳಿನ ಗುರುತು ತೇಲುತ್ತಿತ್ತು.

ಈಗ ನೆಲ ಆರಿದೆ. ಮಗಳು ಅದರ ಮೇಲೆ ಬೋರಲಾಗಿ ಮಲಗಿ ಮೊಬೈಲಿನಲ್ಲಿ ಅದೇ ಕಾರ್ಟೂನು ನೋಡಿ ನಗುತ್ತಿದ್ದಾಳೆ. ಬಗ್ಗಿ ನೋಡಿದೆ. ಆ ಹುಡುಗಿ ಇನ್ನೂ ಅದೇ ತರಗತಿಯಲ್ಲಿದ್ದಾಳೆ, ಅದೇ ಬೆಂಚಿನ ಮೇಲೆ ಕುಣಿಯುತ್ತಿದ್ದಾಳೆ.

ಯಾರೂ ಆಕಿ ಸಾಲಿ ಬಿಡಿಸಿಲ್ಲ, ಆಯಿ.