ನನ್ನ ಬ್ರೇಕಿನ ಮೇಲೆ ಪೆಟ್ಟಿಗೆಯ ಕಾಲು

ನನ್ನ ಗಂಡ ಸೌದಿಯ ಜಿದ್ದಾದಲ್ಲಿ ಒಂದು ಹಳೆಯ ಮೋಟರ್‌ಹೋಮ್ ಕೊಂಡರು. ಮಂಚ, ಒಲೆ ಎಲ್ಲ ಇರುವ, ಬಸ್ಸಿನಷ್ಟು ದೊಡ್ಡ ಗಾಡಿ. ರಜೆಗೆ ಅದರಲ್ಲಿ ಅಭಾ ಬೆಟ್ಟಕ್ಕೆ ಹೋಗುವುದು, ಅಲ್ಲಿನ ಸಣ್ಣ ರಸ್ತೆಗಳಲ್ಲಿ ಓಡಾಡಲು ನನ್ನ ಕಾರನ್ನೂ ಒಯ್ಯುವುದು ಎಂದಾಯಿತು. ಸರಿ, ಹಿಂದೆ ನಾನು ಓಡಿಸಿಕೊಂಡು ಬರುತ್ತೇನೆ ಅಂದೆ. ಲೈಸೆನ್ಸ್ ಸಿಕ್ಕಿ ಮೂರು ವರ್ಷವಾಗಿತ್ತು. ನಾನು ಪಾಠ ಹೇಳುವ ಶಾಲೆಗೆ ದಿನವೂ ಆ ಕಾರಿನಲ್ಲೇ ಹೋಗುತ್ತಿದ್ದೆ. ನಾನು ಓಡಿಸುವಾಗ ಪಕ್ಕದಲ್ಲಿ ಅವರು ಒಂದು ದಿನವೂ ಕೂತವರಲ್ಲ.

"ಬೆಟ್ಟದಲ್ಲಿ ಹೆಂಗಸು ಓಡಿಸುವುದು ಎಂತ ಮಾರಾಯ್ತಿ? ಕಾರನ್ನು ಹಿಂದೆ ಕಟ್ಟಿ ಎಳೆಯುವ," ಅಂದರು.

ನನಗೆ ಮೈಯೆಲ್ಲ ಉರಿಯಿತು.

ಕಾರು ಎಳೆಯುವ ಕೊಂಡಿಯ ಎತ್ತರ ಅಳೆಯಬೇಕು, ಎರಡೂ ಗಾಡಿ ತನ್ನಿ ಎಂದು ಗಾಡಿ ಸಾಮಾನಿನ ಅಂಗಡಿಯ ಪಾಕಿಸ್ತಾನಿ ಮೇಸ್ತ್ರಿ ಹೇಳಿದ್ದ. ಅವರು ಮುಂದೆ, ನಾನು ಹಿಂದೆ, ಊರಿಡೀ ದಾಟಿ ಹೋದೆವು. ಅಲ್ಲಿ ಅವರು ಗಾಡಿಯ ಹಿಂದೆ ಕಾರು ಜೋಡಿಸುವ ಒಂಟಿ ಸರಳಿನ ಟೋ ಬಾರ್ ಬಿಟ್ಟು, ಎರಡು ತೋಳುಗಳ ಮಡಚುವ ಬಾರ್ ಆರಿಸಿದರು. ಕಾರಿನ ತೂಕಕ್ಕೆ ಅದು ತಡೆಯುತ್ತದಾ ಎಂದು ಕೇಳಿದ್ದು ನಾನು. ಅವರು ಬಣ್ಣ ನೋಡುತ್ತಿದ್ದರು.

ಬ್ರೇಕ್ ಬೇರೆ ಬೇಡ, ದೊಡ್ಡ ಗಾಡಿಯದ್ದೇ ಸಾಕು ಅಂದರು. ಮೇಸ್ತ್ರಿ ಆಗದೆಂದು ತಲೆಯಾಡಿಸಿದ. ಇಳಿಜಾರಿನಲ್ಲಿ ಹಿಂದಿನ ಕಾರು ಮುಂದಿನದನ್ನು ತಳ್ಳುತ್ತದೆ, ಕಾರಿಗೂ ಬ್ರೇಕ್ ಬೀಳಲೇಬೇಕು ಎಂದು ಒಂದು ಪೆಟ್ಟಿಗೆ ತಂದ. ಅದನ್ನು ಡ್ರೈವರ್ ಸೀಟಿನ ಮುಂದೆ ಇಟ್ಟು, ಅದರ ಕಾಲನ್ನು ಬ್ರೇಕ್ ಪೆಡಲಿಗೆ ಬಿಗಿಯುವುದು. ಮುಂದಿನವರು ಬ್ರೇಕ್ ಹಾಕಿದಾಗ ಇದೂ ಒತ್ತುತ್ತದೆ.

ಗಂಡನ ಮುಖ ಅರಳಿತು. "ನೋಡು, ನಿನಗಿಂತ ಚಂದ ಒತ್ತುತ್ತದೆ. ಎದುರುತ್ತರವೂ ಇಲ್ಲ."

ಮೂರು ವರ್ಷ ನನ್ನ ಕಾಲನ್ನು ನಂಬದ ಮನುಷ್ಯ, ಐದು ನಿಮಿಷದ ಹಿಂದೆ ಕಂಡ ಪೆಟ್ಟಿಗೆಯನ್ನು ನಂಬಿದರು. ಆ ಗಳಿಗೆಯಲ್ಲಿ ಅವರನ್ನು ಕಂಡರೆ ನನಗೆ ಅಸಹ್ಯವಾಯಿತು. ಇದನ್ನು ಮೆತ್ತಗೆ ಹೇಳುವ ಮನಸ್ಸು ಈಗಲೂ ಇಲ್ಲ.

ಒಂದು ಸಂಗತಿಯನ್ನು ನಾನು ಬೇಕೆಂದೇ ಬಚ್ಚಿಟ್ಟಿದ್ದೆ. ಕಾರಿನ ಜೊತೆ ಬಂದ ಪುಸ್ತಕವನ್ನು ಮೊದಲೇ ಓದಿದ್ದೆ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆದರೆ ಈ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ಅವರು ಎಲ್ಲ ಆರಿಸಿ ಮುಗಿಸಲಿ ಎಂದು ಕಾದು, ಆ ಪುಟ ತೆರೆದು ಮೇಸ್ತ್ರಿಯ ಕೈಗಿಟ್ಟೆ. "ಗೇರ್ ಯಾವುದೆಂದು ನಾನೇ ಮೊದಲು ಕೇಳಬೇಕಿತ್ತು, ಇದನ್ನು ಎಳೆಯುವ ಹಾಗಿಲ್ಲ," ಎಂದ ಅವನು.

"ಹಾಗಾದರೆ ಈ ಕಾರು ಕೊಟ್ಟು ಬೇರೆ ತಗೊಳ್ಳುವ," ಅಂದರು ಗಂಡ.

ಅಂದರೆ ನನ್ನ ಕಾರು ಹೋದರೂ ಅಡ್ಡಿಯಿಲ್ಲ, ನಾನು ಓಡಿಸಬಾರದು. ಕಾರಿನ ನೋಂದಣಿ ಕಾರ್ಡನ್ನು ಪರ್ಸಿನಿಂದ ತೆಗೆದು ತೋರಿಸಿದೆ. "ಇಸ್ತಿಮಾರಾ ನನ್ನ ಹೆಸರಲ್ಲಿ ಉಂಟು. ನಾನು ಕೊಡುವುದಿಲ್ಲ."

ಮೇಸ್ತ್ರಿಗೆ ನಮ್ಮ ಮಾತು ತಿಳಿಯದು, ಜಗಳ ತಿಳಿಯಿತು. ಈ ಕಾರನ್ನು ಇಲ್ಲಿಯತನಕ ಓಡಿಸಿಕೊಂಡು ಬಂದದ್ದು ಯಾರು ಎಂದು ಉರ್ದುವಿನಲ್ಲಿ ಕೇಳಿದ. ಗಂಡ ಆರಿಸಿದ್ದ ಬಾರನ್ನು ಎತ್ತಿ ವಾಪಸು ಅದರ ಜಾಗದಲ್ಲಿಟ್ಟರು.

ಅಭಾಕ್ಕೆ ಹೋದೆವು, ಅವರು ಮುಂದೆ, ನಾನು ಹಿಂದೆ. ವಾಪಸು ಬೆಟ್ಟ ಇಳಿಯುವಾಗ ಅವರ ಕೆಂಪು ದೀಪ ಹತ್ತಿದಾಗಲೆಲ್ಲ ನಾನೂ ಬ್ರೇಕ್ ಒತ್ತಿದೆ. ಒಮ್ಮೆಯೂ ತಪ್ಪಲಿಲ್ಲ. ಕೆಳಗೆ ಬಂದು ಚಹಾಕ್ಕೆ ನಿಲ್ಲಿಸಿದಾಗ ಅವರು ನನ್ನ ಕಾರಿನ ಮುಂಭಾಗವನ್ನು ಒಂದು ಸುತ್ತು ನೋಡಿದರು, ನಾನು ಎಲ್ಲಾದರೂ ಗುದ್ದಿ ಗೀರು ಬಿದ್ದಿದೆಯೇ ಎಂದು.