ಅರ್ಧಕ್ಕೆ ಬಿಟ್ಟ ಹುಬ್ಬು

ರಜನಿಯನ್ನು ಒಂದೇ ಹುಬ್ಬು ತಿದ್ದಿ ಬೀದಿಗೆ ಕಳಿಸಿದವಳು ನಾನು. ಇನ್ನೊಂದು ಹುಬ್ಬಿಗೆ ದಾರ ಹಾಕಲು ಐದು ನಿಮಿಷ ಸಾಕಿತ್ತು. ಹೊತ್ತಿತ್ತು, ಧೈರ್ಯ ಇರಲಿಲ್ಲ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟದ್ದು ಸಾಲದೆಂದು ಅದರ ಮೇಲೆ ಒಂದು ಶಾಲನ್ನೂ ಹೊದಿಸಿಕೊಂಡೆ. ಆ ಕತೆಯನ್ನೂ ಹೇಳುತ್ತೇನೆ.

ನನ್ನ ಹೆಸರು ಮುಮ್ತಾಜ್. ತುಮಕೂರಿನ ಮರಳೂರಿನಲ್ಲಿ, ಒಂದು ಫೋಟೋ ಸ್ಟುಡಿಯೋದ ಮೇಲಿನ ಮಹಡಿಯಲ್ಲಿ ನನ್ನ ಬ್ಯೂಟಿ ಪಾರ್ಲರ್ ಇದೆ. ನಾನು ಬಾಯಿಬಡುಕಿ ಎಂದು ಬೀದಿಗೆಲ್ಲ ಗೊತ್ತು. ತರಕಾರಿಯವನ ಜೊತೆ, ಕರೆಂಟಿನವರ ಜೊತೆ, ನಮ್ಮ ಅತ್ತೆಯ ಜೊತೆ—ಎಲ್ಲಿಯೂ ಸೋತವಳಲ್ಲ. ಮಾತು ಬೇಕಾಗಿದ್ದ ಒಂದೇ ಒಂದು ಕಡೆ ಅದು ನನಗೆ ಕೈಕೊಟ್ಟಿತು. ಕೈಕೊಟ್ಟಿತು ಅನ್ನುವುದೂ ಸುಳ್ಳೇ. ಮಾತು ಬಂತು, ಬರಬಾರದ ಮಾತು ಬಂತು.

ರಜನಿ ಮತ್ತು ನಾನು ಗುಬ್ಬಿಯಲ್ಲಿ ಒಂದೇ ಬೀದಿಯವರು. ಆಗ ಅವಳನ್ನು ಎಲ್ಲರೂ ಗಂಡುಹುಡುಗ ಎಂದೇ ತಿಳಿದಿದ್ದರು. ಮನೆಯವರು ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಅದು ಇಷ್ಟವಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ನಾನು ಹುಬ್ಬು ತಿದ್ದುವುದನ್ನು ಕಲಿಯಲು ಬಸ್ಸಿನಲ್ಲಿ ತುಮಕೂರಿಗೆ ಓಡಾಡುತ್ತಿದ್ದೆ. ಮೊದಮೊದಲು ನನ್ನದೇ ಮೊಣಕಾಲಿನ ಮೇಲೆ ದಾರ ಓಡಿಸಿ ಚರ್ಮ ಕೆಂಪು ಮಾಡಿಕೊಂಡೆ. ಅಭ್ಯಾಸಕ್ಕೆ ಮುಖ ಕೊಡಿ ಎಂದರೆ ಬೀದಿಯ ಹುಡುಗಿಯರೆಲ್ಲ ಓಡಿಹೋದರು. ಮುಖ ಕೊಟ್ಟವಳು ಅವಳೊಬ್ಬಳೇ. "ಕಿತ್ಕೊಂಡ್ ಬಂದ್ರೂ ಪರ್ವಾಗಿಲ್ಲ, ಮಾಡೇ," ಅಂದಳು. ಅಪ್ಪನಿಗೆ ಗೊತ್ತಾಗದಷ್ಟು, ಹುಬ್ಬಿನ ಕೆಳಗೆ ಒಂದೆರಡು ಎಳೆ ಮಾತ್ರ ತೆಗೆಯುತ್ತಿದ್ದೆ.

ಈ ಕೆಲಸ ನೋಡದವರಿಗೆ ಒಂದು ಮಾತು. ದಾರದ ಒಂದು ತುದಿ ನಮ್ಮ ಹಲ್ಲಿನಲ್ಲಿರುತ್ತದೆ, ಉಳಿದದ್ದು ಎರಡು ಕೈಯಲ್ಲಿ. ಕುಳಿತವರು ತಮ್ಮದೇ ಬೆರಳುಗಳಿಂದ ಹಣೆಯನ್ನೂ ರೆಪ್ಪೆಯನ್ನೂ ಬಿಗಿಯಾಗಿ ಹಿಡಿದುಕೊಳ್ಳಬೇಕು. ನಮ್ಮ ಉಸಿರು ಅವರ ಮುಖಕ್ಕೆ ತಾಕುತ್ತದೆ. ಬಾಯಲ್ಲಿ ದಾರ ಇರುವುದರಿಂದ ನಾವು ಮಾತಾಡುವಂತಿಲ್ಲ. ಅವರು ಹೇಳುತ್ತಾರೆ, ನಾವು ಹ್ಞೂಂಗುಟ್ಟುತ್ತೇವೆ. ಊರಿನ ಅರ್ಧ ಹೆಂಗಸರ ಗುಟ್ಟು ನನಗೆ ಗೊತ್ತಿರುವುದು ಹೀಗೆ. "ನಾನು ಹುಡ್ಗೀನೇ ಕಣೇ, ಮುಮ್ತಾಜ್," ಎಂದು ರಜನಿ ಹೇಳಿದ್ದೂ ಹಾಗೆಯೇ. ನಾನು ಹ್ಞೂಂ ಅಂದೆ. ಅವಳಿಗೆ ಅಷ್ಟು ಸಾಕಾಗಿತ್ತು, ಪಾಪ.

ಮದುವೆಯಾಗಿ ತುಮಕೂರಿಗೆ ಬಂದು ಪಾರ್ಲರ್ ತೆರೆದೆ. ಬಾಗಿಲಿಗೆ ಬೋರ್ಡು ಹಾಕಿದೆ—ಗಂಡಸರಿಗೆ ಪ್ರವೇಶವಿಲ್ಲ. ಆ ಬೋರ್ಡೇ ನನ್ನ ಅನ್ನ. ನಮ್ಮ ಕಡೆಯ ಹೆಂಗಸರು ಮೆಟ್ಟಿಲು ಹತ್ತಿ ಬಂದು ಬುರ್ಖಾ ತೆಗೆದು ಕೂರಬೇಕಾದರೆ ಆ ನಂಬಿಕೆ ಬೇಕೇ ಬೇಕು. ಅದನ್ನು ತಪ್ಪು ಎಂದು ಇಂದಿಗೂ ಅನ್ನಲಾರೆ. ಆದರೆ ಆ ಬೋರ್ಡಿನ ಹಿಂದೆ ನಾನು ಬಚ್ಚಿಟ್ಟುಕೊಂಡದ್ದು—

ಅದು ಎರಡು ಸಾವಿರನೇ ಇಸವಿಯ ಆಸುಪಾಸು. ರಜನಿ ತುಮಕೂರಿನಲ್ಲೇ ಒಂದು ಟೈಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಇನ್ನೂ ಪ್ಯಾಂಟು ಶರ್ಟಿನಲ್ಲೇ. ಮನೆಯವರು ಹೊರಗೆ ಹಾಕಿದ್ದರು. ಕುಣಿಗಲ್ಲಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಮಾತ್ರ ಫೋನಿನಲ್ಲಿ ಮಾತಾಡುತ್ತಿದ್ದಳು. ಒಂದು ದಿನ ರಜನಿ ಓಡೋಡಿ ಬಂದಳು. "ಭಾವ ಊರಲ್ಲಿಲ್ವಂತೆ. ಶುಕ್ರವಾರ ಸಾಯಂಕಾಲ ಬಾ, ನೀನು ಸೀರೇಲಿ ಹೆಂಗಿರ್ತೀಯ ನೋಡ್ತೀನಿ ಅಂದ್ಲು ಅಕ್ಕ. ಚೆನ್ನಾಗ್ ಕಾಣ್ಬೇಕು ಕಣೇ. ಅವ್ಳಿಗೆ ನಾಚ್ಕೆ ಆಗ್ಬಾರ್ದು."

ಶುಕ್ರವಾರ ನಮಾಜಿನ ಹೊತ್ತಿಗೆ ಪಾರ್ಲರ್ ಖಾಲಿ ಇರುತ್ತದೆ, ಆಗ ಬಾ ಎಂದೆ. ಬಂದಳು. ಕವರಿನಲ್ಲಿ ಗಿಣಿಹಸಿರು ಸೀರೆ, ತಾನೇ ಹೊಲಿದ ಬ್ಲೌಸು. ಪರದೆ ಎಳೆದು, ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಪೌಡರ್ ಹಾಕಿ ಬಲಗಡೆಯ ಹುಬ್ಬು ಮುಗಿಸಿದೆ. ಕನ್ನಡಿ ನೋಡಿಕೊಂಡು ಅವಳು ಜೋರಾಗಿ ನಕ್ಕಳು. ಅವಳ ಗಂಟಲು ದಪ್ಪ.

ಆ ನಗು ಮೆಟ್ಟಿಲಿಗೆ ಕೇಳಿಸಿತು. ಮೂರು ಗಂಟೆಗೆ ಬರಬೇಕಿದ್ದ ಮದುವೆ ಹೆಣ್ಣಿನ ಕಡೆಯವರು ಬೇಗ ಬಂದುಬಿಟ್ಟಿದ್ದರು. ಹೆಣ್ಣಿನ ಚಿಕ್ಕಮ್ಮ ಬಾಗಿಲಲ್ಲೇ ನಿಂತು, ಒಳಗೆ ಗಂಡಸಿನ ದನಿ ಕೇಳಿದಂತಾಯಿತಲ್ಲ ಎಂದು ಉರ್ದುವಿನಲ್ಲಿ ಕೇಳಿದರು. ಅವರು ದೊಡ್ಡ ಬಟ್ಟೆ ವ್ಯಾಪಾರಿಗಳ ಮನೆಯವರು. ಅವರು ಒಂದು ಮಾತು ಆಡಿದರೆ ನಮ್ಮ ಮೊಹಲ್ಲಾದ ಒಂದು ಹೆಂಗಸೂ ನನ್ನ ಮೆಟ್ಟಿಲು ಹತ್ತುವುದಿಲ್ಲ. ಪರದೆಯ ಆಚೆ ರಜನಿ ಉಸಿರು ಹಿಡಿದಿದ್ದು ನನಗೆ ಗೊತ್ತಾಯಿತು. ನನ್ನ ಗೆಳತಿ, ಅನ್ನಬಹುದಿತ್ತು. ಐದು ನಿಮಿಷ ಕೆಳಗೆ ಕೂತಿರಿ, ಎಂದಾದರೂ ಅನ್ನಬಹುದಿತ್ತು. ನಾನು ಅವಳಿಗೂ ಕೇಳಲೆಂದು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ:

"ಟೈಲರ್ ಅಂಗಡಿಯೋನು ಕಣಮ್ಮ, ಬ್ಲೌಸ್ ಕೊಡಕ್ ಬಂದಿದ್ದ." ಆಮೇಲೆ ಪರದೆಯ ಕಡೆ ತಿರುಗಿ, "ಹೋಗಪ್ಪ, ಲೇಡೀಸ್ ಬಂದವ್ರೆ."

ಹೋಗಪ್ಪ. ಮೊದಲ ಸಲ ಅವಳನ್ನು ಹುಡುಗಿ ಎಂದು ಒಪ್ಪಿ ಹ್ಞೂಂಗುಟ್ಟಿದ ಬಾಯಿ ಇದೇ.

ಅವಳು ಹೊರಬಂದಳು. ಒಂದು ಕೈಯಲ್ಲಿ ಕವರು, ಇನ್ನೊಂದು ಕೈ ಹಣೆಯ ಮೇಲೆ. ನನ್ನ ಕಡೆ ನೋಡಲಿಲ್ಲ. ಹೆಂಗಸರಿಗೆ ದಾರಿ ಬಿಟ್ಟು, ಗೋಡೆಗೆ ಒತ್ತಿಕೊಂಡು ಮೆಟ್ಟಿಲು ಇಳಿದಳು. ನಾನು ಮದುವೆ ಹೆಣ್ಣನ್ನು ಅದೇ ಕುರ್ಚಿಯಲ್ಲಿ ಕೂರಿಸಿದೆ, ಕುರ್ಚಿ ಇನ್ನೂ ಬೆಚ್ಚಗಿತ್ತು.

ಅವಳು ಕುಣಿಗಲ್ಲಿಗೆ ಹೋಗಲಿಲ್ಲ. ಆ ಮುಖ ಹೊತ್ತು ಹೇಗೆ ಹೋದಾಳು? ಅಕ್ಕ ದೀಪ ಹಚ್ಚುವ ಹೊತ್ತಿನವರೆಗೂ ಕಾದಳಂತೆ, ಆಮೇಲೆ ಮತ್ತೆ ಕರೆಯಲೇ ಇಲ್ಲ. ಟೈಲರ್ ಅಂಗಡಿಯಲ್ಲಿ ಆ ಹುಬ್ಬು ನೋಡಿ ಆಡಿಕೊಂಡು ನಕ್ಕರಂತೆ. ಅದೇ ವಾರ ಅವಳು ಬೆಂಗಳೂರಿನ ಬಸ್ಸು ಹತ್ತಿದಳು. ಇದೆಲ್ಲ ಬೇರೆಯವರಿಂದ ನನ್ನ ಕಿವಿಗೆ ಬಿತ್ತು. ಕೇಳಿಸಿಕೊಂಡು, ಅಯ್ಯೋ ಪಾಪ ಎಂದೆ—ಯಾರೋ ಮೂರನೆಯವರ ವಿಷಯ ಅನ್ನುವ ಹಾಗೆ.

ಏಳೆಂಟು ವರ್ಷವಾದ ಮೇಲೆ ಅವಳು ಅದೇ ಮೆಟ್ಟಿಲು ಹತ್ತಿ ಬಂದಳು. ಸೀರೆ, ಉದ್ದ ಜಡೆ, ಎರಡೂ ಹುಬ್ಬು ಅಚ್ಚುಕಟ್ಟು. ಬೆಂಗಳೂರಿನಲ್ಲಿ ತಮ್ಮಂಥವರೆಲ್ಲ ಸೇರಿ ತಲೆಯೆತ್ತಿ ನಡೆಯುವ ಪ್ರೈಡ್ ಮೆರವಣಿಗೆ ಶುರುವಾಗಿದೆ, ನಮ್ಮ ಕಡೆಯಿಂದಲೂ ಹುಡುಗಿಯರು ಹೊರಟಿದ್ದಾರೆ, ಅಲಂಕಾರ ಮಾಡಿಕೊಂಡು ಹೋಗಲು ಊರಿನ ಯಾವ ಪಾರ್ಲರೂ ಸೇರಿಸುತ್ತಿಲ್ಲ ಎಂದಳು. "ನೀನ್ ಮಾಡ್ತೀಯಾ?" ಅಷ್ಟೇ ಕೇಳಿದಳು. ಹಳೆಯದರ ಸುದ್ದಿ ಎತ್ತಲಿಲ್ಲ. ಮಾಡ್ತೀನಿ ಎಂದೆ.

ಮಾಡಿದೆ, ಮನಸ್ಸಿಟ್ಟೇ ಮಾಡಿದೆ. ಪಾರ್ಲರನ್ನು ಎರಡು ಕೋಣೆ ಮಾಡಿ, ಬುರ್ಖಾ ತೆಗೆದು ಕೂರುವವರಿಗೆ ಒಳಗಿನದನ್ನು ಬಿಟ್ಟುಕೊಟ್ಟೆ. ಬೋರ್ಡು ಇಳಿಸಿದೆ. ಬಂದವರನ್ನು ಏನೆಂದು ಕರೆಯಲಿ ಎಂದು ಅವರನ್ನೇ ಕೇಳಿ ಕರೆಯಬೇಕು ಎಂದು ಕೆಲಸದ ಹುಡುಗಿಯರಿಗೆ ಕಲಿಸಿದೆ. ಕಿಟಕಿಗೆ ಕಾಮನಬಿಲ್ಲಿನ ಬಣ್ಣದ ರಿಬ್ಬನ್ ಕಟ್ಟಿದೆವು. ಕೆಲವರು ಬರುವುದನ್ನು ಬಿಟ್ಟರು. ಬೆಳ್ಳಾವಿಯಿಂದ ಬರುವ ಟೀಚರಮ್ಮ ಮಾತ್ರ, "ನನ್ ಫೇಶಿಯಲ್ ನಂಗೆ, ಅವ್ರುದ್ದು ಅವ್ರಿಗೆ, ಇದ್ರಾಗೇನೈತೆ ಬುಡಿ," ಎಂದು ಕೂತರು. ನಾನು ಹೆದರಿದಂತೆ ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟೇ ಆಗುವುದಿದ್ದರೆ ಅವತ್ತೇ ಮಾಡಬಹುದಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮೆರವಣಿಗೆಯಿಂದ ಬಂದ ಮೇಲೆ ಆ ಹುಡುಗಿಯರು ನನ್ನ ಪಾರ್ಲರಿನಲ್ಲೇ ನನಗೆ ಶಾಲು ಹೊದಿಸಿದರು. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಎದ್ದು ನಿಂತು, ಮುಮ್ತಾಜಕ್ಕ ಯಾರನ್ನೂ ಯಾವತ್ತೂ ಬಾಗಿಲಿಂದ ವಾಪಸ್ ಕಳಿಸಿದವರಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ—ನನ್ನ ಹೆಗಲ ಮೇಲೆ ಶಾಲಿತ್ತು, ಅದನ್ನೇ ಮುಟ್ಟಿಕೊಂಡೆ. ಆಗ ರಜನಿ ಹೇಳಿದಳು, "ನನ್ ಹುಬ್ಬಿಗೆ ಮೊದ್ಲು ದಾರ ಹಾಕ್ದೋಳು ಇವ್ಳೇ ಕಣ್ರೇ. ಗುಬ್ಬೀಲಿ."

ಅದು ನಿಜ. ಅವಳು ನಿಜವನ್ನೇ ಹೇಳಿದಳು, ಅರ್ಧ ಮಾತ್ರ ಹೇಳಿದಳು. ಉಳಿದರ್ಧವನ್ನು ನನಗೆ ಬಿಟ್ಟಿದ್ದಳೋ, ಕ್ಷಮಿಸಿ ನುಂಗಿದ್ದಳೋ—ನಾನು ಕೇಳಲಿಲ್ಲ. ನಕ್ಕೆ. ಎಲ್ಲರಿಗೂ ಟೀ ತರಿಸಿದೆ.

ಅಂದಿನಿಂದ ಪ್ರತಿ ವರ್ಷ ಅವರು ಬರುತ್ತಾರೆ. ಪ್ರತಿ ವರ್ಷ ಆ ಮಾತು ಬರುತ್ತದೆ, ಮುಮ್ತಾಜಕ್ಕ ಯಾರನ್ನೂ ವಾಪಸ್ ಕಳಿಸಿದವಳಲ್ಲ ಎಂದು. ಹೊಸ ಹುಡುಗಿಯರು ಅದನ್ನು ನಂಬಿ ನನ್ನ ಕೈಗೆ ಮುಖ ಕೊಡುತ್ತಾರೆ. ಆಗೆಲ್ಲ ನನ್ನ ಬಾಯಲ್ಲಿ ದಾರ ಇರುತ್ತದೆ, ನಾನು ಹ್ಞೂಂ ಅನ್ನುತ್ತೇನೆ. ಎಷ್ಟು ಅನುಕೂಲದ ಕೆಲಸ ನನ್ನದು.

ರಜನಿ, ಇದು ನಿನಗೇ. ಅವತ್ತು ನನಗೆ ಅಂಗಡಿಯ ಭಯ ಇತ್ತು, ನಿಜ. ಆದರೆ ಆ ಭಯವನ್ನು ನಾನು ಇಳಿಸಿದ್ದು ನಿನ್ನ ತಲೆಯ ಮೇಲೆ. ನಿನ್ನ ಅಕ್ಕನ ಆ ಒಂದು ಸಂಜೆಯನ್ನು ಮತ್ತೆ ತಂದುಕೊಡಲು ನನ್ನಿಂದಾಗದು. ಕ್ಷಮಿಸು ಎಂದು ಕೇಳಿದರೆ ನೀನು "ಹೋಗ್ಲಿ ಬುಡೇ" ಅಂದುಬಿಡುತ್ತೀಯ, ಅದು ನನಗೆ ಗೊತ್ತು, ಅದಕ್ಕೇ ಕೇಳುವುದಿಲ್ಲ.

ನಾಳೆ ಬೆಳಗ್ಗೆ ಮೆರವಣಿಗೆಯ ಅಲಂಕಾರಕ್ಕೆ ನೀವೆಲ್ಲ ಬರುತ್ತೀರಿ. ಒಳಕೋಣೆಯಲ್ಲಿ ಮದುವೆಯ ಕಡೆಯವರೂ ಇರುತ್ತಾರೆ, ಮಾತು ಅವರಿಗೂ ಕೇಳಿಸುತ್ತದೆ, ಕೇಳಿಸಲಿ. ನೀನು ಮೊದಲ ಕುರ್ಚಿಯಲ್ಲಿ ಕೂರು. ಹಣೆಗೆ ಪೌಡರ್ ಹಾಕಿ, ದಾರ ಎಳೆದುಕೊಂಡು, ಅದನ್ನು ಬಾಯಿಗೆ ತೆಗೆದುಕೊಳ್ಳುವ ಮೊದಲು ಎಲ್ಲರ ಎದುರು ಹೇಳುತ್ತೇನೆ—ಈಕೆಯನ್ನು ನಾನು ಒಂದು ಸಲ ವಾಪಸ್ ಕಳಿಸಿದ್ದೆ, ಗಂಡಸು ಎಂದು ಕರೆದು ಕಳಿಸಿದ್ದೆ. ಆಮೇಲೂ ನಿನ್ನ ಮುಖವನ್ನು ನನ್ನ ಕೈಗೆ ಕೊಟ್ಟರೆ, ಅವತ್ತು ಬಿಟ್ಟಿದ್ದ ಎಡಗಡೆಯಿಂದ ಶುರುಮಾಡುತ್ತೇನೆ.